ಪೆನ್ಸಿಲಿನ ಚುಕ್ಕೆ

ಇಪ್ಪತ್ತೆರಡು ವರ್ಷ ಈ ಮೇಜಿನ ಹಿಂದೆ ಕೂತೆ.
ಸೆಪ್ಟೆಂಬರ್ ಬಂತೆಂದರೆ ವಾಲ್ಪರೈಸೊದ ಗುಡ್ಡಗಳಿಂದ
ಇಳಿದು ಬರುತ್ತಿದ್ದರು ತಾಯಂದಿರು,
ಬೈತಲೆಯ ನೀರು ಇನ್ನೂ ಆರದ
ಐದು ವರ್ಷದ ತಲೆಗಳನ್ನು ಮುಂದೆ ನೂಕಿಕೊಂಡು.

ಕಷ್ಟದ ಕೆಲಸವೇನಲ್ಲ.
ಮಗುವಿಗೊಂದು ಹಾಳೆ, ಆರು ಬಣ್ಣದ ಕಡ್ಡಿ:
"ನಿನ್ನ ಮನೆಯ ಚಿತ್ರ ಬರಿ, ಮರಿ."
ಅದು ಬರೆಯುವಾಗ ನಾನು ತಾಯಿಯ ಬೂಟು ನೋಡಬೇಕು.
ಅಪ್ಪನಿಗೆಲ್ಲಿ ಕೆಲಸ, ಮದುವೆಯ ಪತ್ರ ಉಂಟೋ,
ಮೂರು ತಿಂಗಳ ಸಂಬಳದ ಚೀಟಿ.
ಬೇಡವಾದವರ ಹೆಸರಿನ ಮುಂದೆ ಒಂದು ಚುಕ್ಕೆ.
ಪೆನ್ಸಿಲಿನದು. ಅಳಿಸಲು ಬರಬೇಕಲ್ಲ.

ಹೊರಗೆ ಗೋಡೆಯ ಮೇಲೆ "ಎಲ್ಲರಿಗೂ ಸ್ವಾಗತ",
ವರ್ಷಕ್ಕೊಮ್ಮೆ ಹೊಸ ಬಣ್ಣ.

ಮೊರದಲ್ಲಿ ಕೇರಿದ ಹಾಗೆ ಕೇರಿದೆವು.
ಹಾರಿದ್ದು ಹಾರಿತು, ಉಳಿದದ್ದಕ್ಕೆ ಅಂಕ ಬಂತು,
ಪತ್ರಿಕೆಯಲ್ಲಿ ನಮ್ಮ ಶಾಲೆಯ ಹೆಸರು ಬಂತು.
ನೋಡಿ, ನಮ್ಮ ಬೆಳೆ, ಅಂದೆವು.
ಮೊರ ಹಿಡಿದವರು
ನೇಗಿಲು ಹಿಡಿದವರ ಹಾಗೆ ಬೆವರು ಒರೆಸಿಕೊಂಡೆವು.

ತೊಂಬತ್ತೇಳರಲ್ಲಿ ಒಬ್ಬ ಹುಡುಗ, ವ್ಲಾದಿಮಿರ್ ಕಿಲೊದ್ರಾನ್,
ಮನೆ ಬರಿ ಎಂದರೆ ಮೆಟ್ಟಿಲು ಬರೆದ.
ಹಾಳೆಯ ಬುಡದಿಂದ ತುದಿಯ ತನಕ
ಬರೀ ಮೆಟ್ಟಿಲು.
"ಮನೆ ಎಲ್ಲಪ್ಪ?"
"ಇನ್ನೂ ಮೇಲೆ. ಕಾಗದ ಮುಗೀತು."
ನಾನು ನಕ್ಕೆ. ನಾನು ನಕ್ಕೆನೆಂದು ಅವನ ತಾಯಿಯೂ ನಕ್ಕಳು.
ಕೈಗೆ ಮೀನಿನ ವಾಸನೆ ಇತ್ತು ಅವಳಿಗೆ.
ಚುಕ್ಕೆ ಇಟ್ಟೆ.

ಈಗ ಕಾನೂನು ಬಂದಿದೆ. ಸಂದರ್ಶನ ಇಲ್ಲ, ಬೂಟು ಇಲ್ಲ.
ಸಾಂತಿಯಾಗೊದಲ್ಲಿ ಕಂಪ್ಯೂಟರು ಚೀಟಿ ಎತ್ತುತ್ತದೆ,
ಇಲ್ಲಿಗೆ ಪಟ್ಟಿ ಬರುತ್ತದೆ.
"ಕುರುಡು ಯಂತ್ರ!" ಎಂದರು ಹೆಡ್‌ಮಾಸ್ಟರು.
ಕಣ್ಣಿದ್ದ ನಾವು ಕಂಡದ್ದೇನು ಎಂದು
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ,
ಪಿಂಚಣಿಗೆ ಇನ್ನೆರಡೇ ವರ್ಷ.
ಹನ್ನೊಂದು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು
ಸಮುದ್ರದ ದಂಡೆಯ ದೊಡ್ಡ ಬೇಲಿಯ ಶಾಲೆಗೆ ಹೋದರು.
ಅಲ್ಲಿ ದುಡ್ಡೇ ಚೀಟಿ.

ಪಟ್ಟಿಯ ಮೂವತ್ತೆಂಟನೆಯ ಸಾಲು: ಯಸ್ನಾ ಕಿಲೊದ್ರಾನ್.
ಕೆಳಗೆ ತಂದೆಯ ಹೆಸರು.

ಕತೆ ಇಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು.
ಮಾರಿಟ್ಸಾ ಟೀಚರು ಏಪ್ರಿಲಿನಲ್ಲಿ ಬಂದು
ಈ ಮೇಜಿಗೆ ಮುಷ್ಟಿ ಗುದ್ದಿದಳು:
"ನಲವತ್ತೈದು ಮಕ್ಕಳು, ಒಬ್ಬಳು ನಾನು.
ಹದಿನೇಳು ಜನಕ್ಕೆ ಅಕ್ಷರ ಇನ್ನೂ ಇರುವೆ ಸಾಲು.
ಬಾಗಿಲು ತೆಗೆದಿರಿ, ಸಂತೋಷ.
ಇಷ್ಟು ವರ್ಷ ನಾವು ಕಲಿಸಿದ್ದೇ ಇಲ್ಲ, ಓರ್ತೆನ್ಸಿಯಾ,
ಕಲಿತು ಬಂದವರನ್ನು ಆರಿಸಿಕೊಂಡಿದ್ದೆವು.
ನಿನ್ನ ಈ ಕೋಣೆಯಲ್ಲಿ ಈಗ ನಡೆಯುವುದಾದರೂ ಏನು?"

ಏನೂ ಇಲ್ಲ, ಅಂದೆ. ನಿಜವೇ.

ಮೇಜನ್ನು ಗೋಡೆಗೆ ಒತ್ತರಿಸಿದೆವು.
ದಿನಾ ಹತ್ತು ಗಂಟೆಗೆ ಆರು ಮಕ್ಕಳು ಬರುತ್ತವೆ,
ಚಾಪೆಯ ಮೇಲೆ ನಾನೂ ಕೂರುತ್ತೇನೆ, ಮಂಡಿ ಹಿಡಿಯುತ್ತದೆ.
ಮೊದಲ ದಿನ ಯಸ್ನಾಳಿಗೆ ಏನೋ ಹೇಳಬೇಕೆಂದಿದ್ದೆ.
ಅವಳು ಕೇಳಿದಳು: "ಟಾಯ್ಲೆಟ್ಟು ಎಲ್ಲಿ?"

ಒಂದು ಸಂಜೆ ಅವಳ ಅಪ್ಪ ಬಂದ.
ಬಂದರಿನ ಹಳದಿ ಅಂಗಿ, ಹೊಸ್ತಿಲಿನ ಆಚೆಯೇ ನಿಂತ.
ಗುರುತು ಹಿಡಿದನೋ ಇಲ್ಲವೋ, ನಾನು ಕೇಳಲಿಲ್ಲ,
ಹೇಡಿತನ ಎನ್ನಿ ಬೇಕಾದರೆ.
ಸಹಿ ಹಾಕಲು ಮೇಜಿನ ಪೆನ್ಸಿಲಿಗೆ ಕೈ ಚಾಚಿದ.
"ಅದಲ್ಲ" ಎಂದು ಪೆನ್ನು ಕೊಟ್ಟೆ.

ಯಸ್ನಾಳಿಗೆ ಎರಡು 'ರ' ಒಟ್ಟಿಗೆ ಬಂದರೆ
ಇನ್ನೂ ನಾಲಿಗೆ ಜಾರುತ್ತದೆ.
ಪೆರ್ರೊ ಎಂದರೆ ನಾಯಿ. ಪುಸ್ತಕದಲ್ಲಿ ಅದು ಪೆರೊ ಆಗುತ್ತದೆ,
ಪೆರೊ ಎಂದರೆ 'ಆದರೆ'.
ಗೇಟಿನ ಬಳಿ ಮಲಗಿದ ಬೀದಿನಾಯಿ
ಕಿವಿ ಎತ್ತಿ ಕೇಳಿಸಿಕೊಂಡು ಮತ್ತೆ ಮಲಗುತ್ತದೆ.
ನಾಳೆ ಹತ್ತಕ್ಕೆ
ಇದೇ ಪುಟ.